ಕಸಿ ಕಟ್ಟುವವಳು

ಮಳೆ ಹಿಂದೆಗೆದು ನಾಲ್ಕು ದಿನವಾಗಿತ್ತು. ಗಿಡಗಳಲ್ಲಿ ರಸ ಏರಿ, ಚಾಕು ತಾಗಿಸಿದರೆ ಸಾಕು ತೊಗಟೆ ತಾನಾಗಿ ಬಿಟ್ಟುಕೊಳ್ಳುವ ಕಾಲ. ತರಬೇತಿ ಕೇಂದ್ರದ ತಗಡಿನ ಚಪ್ಪರದ ಕೆಳಗೆ ಹದಿನಾಲ್ಕು ಜನ ಕೊನೆಯ ದಿನದ ಕಸಿ ಕಟ್ಟುತ್ತಿದ್ದರು. ಅವಳು ಬೇರುಗಿಡದ ತೊಗಟೆ ಸೀಳಿದಳು. ಕಿತ್ತಳೆ ಕಡ್ಡಿಯಿಂದ ಮೊಗ್ಗಿನ ಕಣ್ಣೊಂದನ್ನು ಕೆತ್ತಿ ಒಳಗೆ ಕೂರಿಸಿ ಪಟ್ಟಿ ಸುತ್ತಿದಳು. ಚಾಕುವನ್ನು ಬ್ಲೀಚಿಂಗ್ ನೀರಿನ ಡಬ್ಬಿಯಲ್ಲಿ ಅದ್ದಿದಳು. ಮುಂದಿನ ಗಿಡ. ಮತ್ತೆ ಅದ್ದಿದಳು.

ಆ ಅದ್ದುವುದೊಂದನ್ನು ಬಿಟ್ಟರೆ ಕೈಗೆ ಹೊಸದೇನೂ ಇರಲಿಲ್ಲ. ಗಂಡನ ಅಣ್ಣ, ಭಾವನ ನರ್ಸರಿಯಲ್ಲಿ ಹದಿನೆಂಟು ವರ್ಷದಿಂದ ಕಸಿ ಕಟ್ಟುವವಳು ಅವಳೇ. ಗಂಡ ತೀರಿಕೊಂಡ ಮೇಲೂ ಭಾವ ಅವಳನ್ನೂ ಮಗಳನ್ನೂ ಬೇರೆಯವರಂತೆ ಕಂಡವರಲ್ಲ. ಪ್ರಮಾಣಪತ್ರ ಇರುವವರು ಒಬ್ಬರಾದರೂ ಇಲ್ಲದಿದ್ದರೆ ನರ್ಸರಿಗೆ ಲೈಸೆನ್ಸ್ ಇಲ್ಲ ಎಂದು ಇಲಾಖೆಯವರು ಅಂದಾಗ ಅವರೇ ಇಲ್ಲಿಗೆ ಕಳಿಸಿದ್ದರು. "ಕಲಿಯೋಕಲ್ಲಮ್ಮ, ಕಾಗದಕ್ಕೆ. ನಿನಗೆ ಕಲಿಸೋರು ಇನ್ನೂ ಹುಟ್ಟಬೇಕು."

ತರಬೇತಿಯ ಹನ್ನೊಂದನೆಯ ದಿನ ಪಾಠ ಮಾಡುವ ಮೇಡಂ ಒಂದು ಚಿತ್ರ ತೋರಿಸಿದ್ದರು. ಕಸಿ ಕೂಡಿದ ಜಾಗದ ಕೆಳಗೆ ತೊಗಟೆ ಒಡೆದು ಸಿಪ್ಪೆ ಎದ್ದ, ಎದೆಮಟ್ಟಕ್ಕೇ ನಿಂತುಬಿಟ್ಟ ಮರ. ಕಣ್ಣು ಕೀಳುವ ತಾಯಿಮರದಲ್ಲಿ ರೋಗ ಕಾಣಿಸುವುದೇ ಇಲ್ಲ, ಕಣ್ಣಿನ ಜೊತೆ, ತೊಳೆಯದ ಚಾಕುವಿನ ಜೊತೆ ದಾಟಿಹೋಗುತ್ತದೆ, ಐದಾರು ವರ್ಷಕ್ಕೆ ಹೊರಬೀಳುತ್ತದೆ, ಮದ್ದಿಲ್ಲ ಎಂದಿದ್ದರು. ಅವಳಿಗೆ ಆ ಮರದ ಪರಿಚಯವಿತ್ತು. ತನ್ನ ಅಣ್ಣನ ತೋಟದಲ್ಲಿ ಅಂಥವು ನೂರು ನಿಂತಿದ್ದವು. ಅವನು ಮಣ್ಣನ್ನು ಬೈಯುತ್ತಿದ್ದ. ಏಳು ವರ್ಷದ ಹಿಂದೆ ಭಾವನ ನರ್ಸರಿಯ ತಾಯಿಮರದಿಂದ ಕಣ್ಣು ಕಿತ್ತು ಅವುಗಳಿಗೆಲ್ಲ ಕೂರಿಸಿದವಳು, ಚಾಕುವನ್ನು ಮೊಣಕಾಲ ಮೇಲಿನ ಬಟ್ಟೆಗೆ ಒರೆಸಿ ಮುಂದಿನದಕ್ಕೆ ಹೋದವಳು ಇವಳು. ಆ ಚಿತ್ರ ನೋಡಿದಂದಿನಿಂದ ಒಂದು ರಾತ್ರಿಯೂ ಅವಳಿಗೆ ಸರಿಯಾಗಿ ನಿದ್ದೆ ಹತ್ತಿರಲಿಲ್ಲ.

"ಸಾಕು ಬನ್ನಿ, ಕೂತ್ಕೊಳ್ಳಿ," ಮೇಡಂ ಕರೆದರು. ಒಬ್ಬೊಬ್ಬರೇ ಎದ್ದು, ಏನು ಕಲಿತೆ ಎಂದು ಬರೆದಿಟ್ಟುಕೊಂಡದ್ದನ್ನು ಓದಬೇಕು. ಆಮೇಲೆ ಪ್ರಮಾಣಪತ್ರ.

ಮೊದಲು ಎದ್ದವನು ದಪ್ಪ ಮೀಸೆಯವನು. "ಇಪ್ಪತ್ತು ದಿನ ನಿದ್ದೆ ಮಾಡದೆ ಕುರ್ಚಿ ಮೇಲೆ ಕೂರೋದು ಕಲಿತೆ ಮೇಡಂ."

"ಸುಳ್ಳು! ಗೊರಕೆ ನಮಗೆ ಕೇಳಿಸ್ತಿತ್ತು," ಹಿಂದಿನಿಂದ ಯಾರೋ ಕೂಗಿದರು. ಚಪ್ಪರವೆಲ್ಲ ನಕ್ಕಿತು.

ಅವಳ ಸರದಿ ಬರುವಷ್ಟರಲ್ಲಿ ಭಾವ ಬಂದು ಕಂಬಕ್ಕೆ ಒರಗಿ ನಿಂತಿದ್ದರು. ಹೊರಗೆ ಪಿಕಪ್ ಗಾಡಿಯಲ್ಲಿ ಅದೇ ತಾಯಿಮರದ ಕಣ್ಣಿನಿಂದ ಅವಳೇ ಕಸಿ ಕಟ್ಟಿದ ಇನ್ನೂರು ಕಿತ್ತಳೆ ಗಿಡಗಳು. ಇಲ್ಲಿಂದ ನೇರ ಅಣ್ಣನ ತೋಟಕ್ಕೆ. ಗುಂಡಿ ತೆಗೆದು ಕಾಯುತ್ತಿದ್ದ ಅವನು.

ಹಾಳೆಯಲ್ಲಿ ಅವಳು ಒಂದೇ ಸಾಲು ಬರೆದಿದ್ದಳು: ನಮ್ಮ ತಾಯಿಮರದಲ್ಲಿ ರೋಗವಿದೆ. ಎದ್ದು ನಿಂತಳು. ಭಾವ ಹುಬ್ಬೇರಿಸಿ, ಓದಮ್ಮ ಎನ್ನುವಂತೆ ತಲೆಯಾಡಿಸಿದರು. ಅವಳು ಹಾಳೆ ಮಡಿಸಿದಳು.

"ಚಾಕು ತೊಳೆಯೋದು ಕಲಿತೆ."

"ಅಷ್ಟೇನಾ?"

"ಅಷ್ಟೇ ಮೇಡಂ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಭಾವ.

ಗಾಡಿ ಊರು ದಾಟಿದ ಮೇಲೆ ಅವಳು ಬಾಯಿಬಿಟ್ಟಳು. ಚಿತ್ರ, ಸಿಪ್ಪೆ ಏಳುವ ತೊಗಟೆ, ತಾಯಿಮರ, ಎಲ್ಲ ಹೇಳಿದಳು. ತಿರುವಿನಲ್ಲಿ ಗೇರ್ ಬದಲಿಸುತ್ತ ಭಾವ ಕೇಳಿದರು.

"ಇನ್ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಮುಂದಿನ ವರ್ಷ ಬೇರೆ ಕಡೆಯಿಂದ ಒಳ್ಳೇ ತಾಯಿಮರ ತರೋಣ. ಚಾಕೂನೂ ತೊಳಿ, ಬೇಡ ಅನ್ನಲ್ಲ. ಈ ಸಲದ್ದು ಹೋಗ್ಲಿ."

"ಇವು ನಮ್ಮಣ್ಣನಿಗೆ, ಭಾವ."

"ಯಾರಿಗಾದ್ರೂ ಕೊಡ್ಲೇಬೇಕಲ್ಲಮ್ಮ." ದನಿಯಲ್ಲಿ ಸಿಟ್ಟಿರಲಿಲ್ಲ. "ಒಂದು ಮಾತು ಹೊರಗೆ ಹೋದ್ರೆ ನರ್ಸರಿಗೆ ಬೀಗ. ಮನೇಲಿ ಒಂಬತ್ತು ತಟ್ಟೆ. ಮುಂದಿನ ತಿಂಗಳು ನಿನ್ನ ಮಗಳನ್ನ ಕಾಲೇಜಿಗೆ ಸೇರಿಸ್ಬೇಕು, ನೆನಪಿದೆ ತಾನೇ?"

ಅವಳ ಮಗಳ ಕಾಲೇಜಿನ ವಿಷಯ ಮರೆಯದೆ ಇದ್ದವರು ಆ ಮನೆಯಲ್ಲಿ ಅವರೊಬ್ಬರೇ. ಅವಳು ಕಿಟಕಿಯ ಗಾಜು ಇಳಿಸಲು ಹೋದಳು. ಹಿಡಿ ಸುಮ್ಮನೆ ತಿರುಗಿತು, ಗಾಜು ಇಳಿಯಲಿಲ್ಲ.

ತೋಟದ ಬದುವಿನಲ್ಲೇ ಅಣ್ಣ ಎದುರಾದ. ಮೈಯೆಲ್ಲ ಮಣ್ಣು. ಕುಳ್ಳ ಮರಗಳನ್ನೆಲ್ಲ ಬುಡಸಮೇತ ಕಿತ್ತು ಒಂದು ಮೂಲೆಗೆ ರಾಶಿ ಹಾಕಿದ್ದ. ಅವುಗಳಿಂದ ದೂರದ ಬಯಲಲ್ಲಿ ಹೊಸ ಗುಂಡಿಗಳು ಸಾಲು ಹಿಡಿದಿದ್ದವು.

"ನೋಡೇ ಪುಟ್ಟಿ, ಒಂದೊಂದು ಗುಂಡೀಗೂ ಕೆರೆ ಮಣ್ಣು ಹೊಡೆಸಿದೀನಿ. ಎರಡು ತಿಂಗಳು ಬೆನ್ನು ಬಿದ್ದುಹೋಯ್ತು. ನಿನ್ನ ಕೈಯಲ್ಲಿ ತಪ್ಪಿರಲಿಲ್ಲ ಕಣೆ, ನನ್ನ ಮಣ್ಣೇ ಸರಿ ಇರ್ಲಿಲ್ಲ."

"ಅಣ್ಣಾ..."

"ಏನೇ?"

ಭಾವ ಗಾಡಿಯ ಹಿಂಬಾಗಿಲು ಇಳಿಸಿ, "ಮೊದಲನೇದು ತಂಗಿ ಕೈಯಿಂದಲೇ ಆಗ್ಲಿ," ಎಂದರು.

"ಮತ್ತೆ? ಇನ್ಯಾರ ಕೈಯಿಂದ?" ಅಣ್ಣ ಗಿಡವೊಂದನ್ನು ಎತ್ತಿ, ಪಾಲಿಥೀನ್ ಚೀಲ ಹರಿದು, ಮಣ್ಣಿನ ಮುದ್ದೆ ಕದಡದಂತೆ ಅವಳ ಕೈಗಿಟ್ಟ. ಅವಳು ಗುಂಡಿಯ ಮುಂದೆ ಮಂಡಿಯೂರಿದಳು. ವರ್ಷವೂ ತುಂಬದ ಕಸಿ. ಚಿಗುರು ಹಸಿರಾಗಿತ್ತು. ಎಡಗೈಯಲ್ಲಿ ಬುಡ ಹಿಡಿದು, ಬಲಗೈ ಹೆಬ್ಬೆರಳನ್ನು ಕಸಿ ಕೂಡಿದ ಗಂಟಿನ ಮೇಲಿಟ್ಟು ಒತ್ತಿದಳು. ಲಟಕ್ಕೆಂದಿತು.

"ಅಯ್ಯೋ! ಇರ್ಲಿ ಬಿಡೆ, ಕೈ ಜಾರಿತು. ಒಂದು ತಾನೇ." ಅಣ್ಣ ಇನ್ನೊಂದು ಕೊಟ್ಟ.

ಅದೂ ಅಲ್ಲೇ ಮುರಿಯಿತು.

ಗಾಡಿಯ ಬಳಿಯಿಂದ ಭಾವ, "ಏನಮ್ಮಾ ಅದು?" ಎಂದರು. ಅವಳು ತಿರುಗಿ ನೋಡಲಿಲ್ಲ. ಅಣ್ಣನತ್ತ ಕೈ ಚಾಚಿದಳು. ಅವನು ಮೂರನೆಯದನ್ನು ಕೊಟ್ಟ. ಈ ಸಲ ಅದು ಮುರಿಯುವಾಗ ಅವನ ಕಣ್ಣು ಅವಳ ಹೆಬ್ಬೆರಳ ಮೇಲೇ ಇತ್ತು.

ನಾಲ್ಕನೆಯ ಗಿಡವನ್ನು ಅವನು ಕೊಡಲಿಲ್ಲ. ಮಣ್ಣಿನ ಮುದ್ದೆಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಅವಳ ಮುಖವನ್ನೇ ನೋಡುತ್ತ ಎದುರಿಗೆ ಕುಕ್ಕರಗಾಲಲ್ಲಿ ಕುಳಿತ.