ಕೊನೆಯ ಚೇಂಬರ್ ನೋಡುವವರೆಗೆ

ಮೂರು ದಿನದಿಂದ ಪೈಪ್ ಮೇಸ್ತ್ರಿಗೆ ಮಲ ಹೋಗಿರಲಿಲ್ಲ. ಹೊಟ್ಟೆ ಉಬ್ಬಿ ಕಲ್ಲಾಗಿತ್ತು. ಅದನ್ನೂ ಅವನು ತನ್ನ ಕೆಲಸದ ಹಾಗೇ ನೋಡಿದ. ಕಟ್ಟಿಕೊಂಡ ಪೈಪಿಗೆ ಮೇಲಿಂದ ಒತ್ತಡ ಕೊಟ್ಟರೆ ಕೆಳಗೆ ಬಿಡುತ್ತದೆ. ಭೇದಿ ಮಾತ್ರೆ ಒಂದು ನುಂಗಿದ, ಆಮೇಲೆ ಎರಡು, ಆಮೇಲೆ ನಾಲ್ಕು. ಗಾಳಿ ಕೂಡ ಹೋಗಲಿಲ್ಲ, ವಾಂತಿ ಶುರುವಾಯಿತು. ಆರು ತಿಂಗಳಿಂದ ಮಲದಲ್ಲಿ ರಕ್ತ ಕಾಣುತ್ತಿತ್ತು. ಮೂಲವ್ಯಾಧಿ ಇರಬೇಕೆಂದುಕೊಂಡು ಹೆಂಡತಿಗೂ ಹೇಳಿರಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ದಾರಿ ಮುಚ್ಚಿತ್ತು. ಅಂದೇ ಆಪರೇಷನ್ ಮಾಡಿ ಗಡ್ಡೆ ತೆಗೆದು, ಮಲ ಹೋಗಲು ಹೊಟ್ಟೆಯ ಮೇಲೆ ಚೀಲ ಹಾಕಿದರು.

ಕೀಮೋ ಔಷಧಿ ಎರಡು ಸಲ ಆದ ಮೇಲೆ ಮೇಸ್ತ್ರಿ ಕೈಚೆಲ್ಲಿದ, ಇನ್ನು ಆಸ್ಪತ್ರೆಗೆ ಹೋಗುವುದಿಲ್ಲ ಎಂದ. ಬೆರಳು ಜೋಮು ಹಿಡಿದು, ನಟ್ಟು ಬಿಗಿಯುವ ಪಾನಾ ಕೈಯಿಂದ ಜಾರುತ್ತಿತ್ತು. ಕರುಳು ಕಟ್ಟಿದ ಕ್ಯಾನ್ಸರ್ ಬಂದವರು ಉಳಿಯುವುದಿಲ್ಲ ಎಂದು ಯಾರೋ ಹೇಳಿದ್ದರು. ಹತ್ಯಾರದ ಪೆಟ್ಟಿಗೆಯನ್ನು ತಮ್ಮನಿಗೆ ಕೊಟ್ಟುಬಿಟ್ಟ. ಹೆಂಡತಿ ಅಳುತ್ತ ಕೂರಲಿಲ್ಲ, ಮಹಡಿ ಮನೆಯ ನರ್ಸಮ್ಮನನ್ನು ಕರೆತಂದಳು.

"ಸುಳ್ಳು ಹೇಳ್ಬೇಡಿ ನರ್ಸಮ್ಮ. ನಂಗೆ ಇನ್ನೆಷ್ಟು ದಿನ?"

ನರ್ಸಮ್ಮ ಏನನ್ನೂ ಮುಚ್ಚಿಡಲಿಲ್ಲ. ಕರುಳು ಕಟ್ಟಿಕೊಂಡು ಬಂದವರಿಗೆ ಅಪಾಯ ಉಳಿದವರಿಗಿಂತ ಹೆಚ್ಚು, ಅದರಲ್ಲೂ ಮೊದಲ ತಿಂಗಳುಗಳಲ್ಲಿ. ರೋಗ ಮರಳುವ ಸಾಧ್ಯತೆಯೂ ಜಾಸ್ತಿ ಎಂದಳು. ಆದರೆ ಮುಂದಿನದು ರೋಗ ಎಷ್ಟು ಹರಡಿದೆ ಎಂಬುದರ ಮೇಲೆ ನಿಂತಿದೆ. ಅವನ ರಿಪೋರ್ಟಿನ ಪ್ರಕಾರ ಅದು ಅಕ್ಕಪಕ್ಕದ ಗ್ರಂಥಿಗಳಿಗೆ ಬಂದಿತ್ತು, ಯಕೃತ್ತಿಗೆ ಹೋಗಿರಲಿಲ್ಲ. ಇಂಥವರಲ್ಲಿ ಚಿಕಿತ್ಸೆ ಪೂರ್ತಿ ಮಾಡಿಸಿಕೊಂಡು ಐದು ವರ್ಷ ದಾಟುವವರು ಬಹಳ ಮಂದಿ, ಪೂರ್ತಿ ಗುಣವಾಗುವವರೂ ಇದ್ದಾರೆ. ಗ್ಯಾರಂಟಿ ಮಾತ್ರ ಯಾರೂ ಕೊಡಲಾರರು.

"ಗ್ಯಾರಂಟಿ ಇಲ್ಲ ಅಂದ್ಮೇಲೆ ಯಾಕೆ ಈ ಪಡಿಪಾಟಲು?"

"ಅಲ್ಲಯ್ಯ ಮೇಸ್ತ್ರಿ, ನಮ್ಮ ಬಚ್ಚಲು ಕಟ್ಕೊಂಡಾಗ ನೀನು ಬಂದಿದ್ದೆ. ಕಸ ತೆಗ್ದೆ, ನೀರು ಹೋಯ್ತು. ಸಾಕು ಹೋಗಪ್ಪ ಅಂತ ನಾನಂದೆ. ಹೋದ್ಯಾ?"

ಹೆಂಡತಿಯೇ ಉತ್ತರ ಕೊಟ್ಟಳು. "ಇವರೆಲ್ಲಿ ಹೋಗ್ತಾರೆ? ಚರಂಡಿಯ ಕೊನೇ ಚೇಂಬರ್ ಮುಚ್ಚಳ ತೆಗ್ದು, ನೀರು ಬರೋದು ಕಣ್ಣಾರೆ ನೋಡೋವರ್ಗೂ ಊಟಕ್ಕೂ ಏಳಲ್ಲ."

"ಡಾಕ್ಟರು ಈಗ ಕಸ ತೆಗ್ದಿದಾರೆ, ಅಷ್ಟೆ. ಗಡ್ಡೆ ಅಡ್ಡ ಇತ್ತಲ್ಲ, ಅದರ ಮೇಲಿನ ಕರುಳನ್ನ ಇನ್ನೂ ಯಾರೂ ಒಳಗಿಂದ ನೋಡಿಲ್ಲ. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳಿಗೆ ಔಷಧಿ ಬಾಕಿ ಇದೆ. ಊರವರ ಚರಂಡಿ ಮೇಲಿರೋ ನಿಯತ್ತು ನಿನ್ನ ಕರುಳಿನ ಮೇಲೆ ಇಲ್ವಾ?" ಎಂದಳು ನರ್ಸಮ್ಮ.

ಮೇಸ್ತ್ರಿ ಚೀಲ ಹಿಡಿದುಕೊಂಡು ನಕ್ಕ. ಮನೆಯಲ್ಲಿ ಆ ನಗು ಕೇಳಿ ತಿಂಗಳುಗಳಾಗಿದ್ದವು.

ಮತ್ತೆ ಆಸ್ಪತ್ರೆಗೆ ಹೋಗಿ ಜೋಮಿನ ವಿಷಯ ಡಾಕ್ಟರಿಗೆ ಹೇಳಿದ, ಅವರು ಔಷಧಿಯ ಪ್ರಮಾಣ ಇಳಿಸಿದರು. ಕೀಮೋ ಮುಗಿಯಿತು. ಒಳಗೆ ಕ್ಯಾಮೆರಾ ಬಿಟ್ಟು ಕರುಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಾಗ ಇನ್ನೊಂದು ಪುಟ್ಟ ಗಂಟು ಸಿಕ್ಕಿತು. ಅದು ಕ್ಯಾನ್ಸರ್ ಆಗುವ ಮೊದಲೇ ಕಿತ್ತುಹಾಕಿದರು. ಮರುವರ್ಷ ಕರುಳನ್ನು ಮತ್ತೆ ಜೋಡಿಸಿ ಚೀಲವನ್ನೂ ತೆಗೆದರು. ರಕ್ತಪರೀಕ್ಷೆ, ಸ್ಕ್ಯಾನಿನ ತಾರೀಖುಗಳನ್ನು ಸೀಮೆಸುಣ್ಣದಲ್ಲಿ ಬಚ್ಚಲಿನ ಬಾಗಿಲ ಮೇಲೆ ಬರೆದಿಟ್ಟ. ಒಂದನ್ನೂ ತಪ್ಪಿಸಲಿಲ್ಲ.

ಐದನೇ ವರ್ಷ ಡಾಕ್ಟರು ರೋಗದ ಗುರುತೇ ಇಲ್ಲ ಎಂದರು. ಮೇಸ್ತ್ರಿ ಅಲ್ಲಿಂದ ನೇರ ತಮ್ಮನ ಮನೆಗೆ ಹೋಗಿ ಪೆಟ್ಟಿಗೆ ಎತ್ತಿಕೊಂಡ. ನಾನೂ ಕೆಲಸಕ್ಕೆ ಬರುತ್ತೇನೆ ಎಂದು ತಮ್ಮನೂ ಚಪ್ಪಲಿ ಮೆಟ್ಟಿದ.

"ಒಡಹುಟ್ಟಿದವರಿಗೂ ಇದು ಬರಬಹುದಂತೆ ಕಣೋ. ಕ್ಯಾಮೆರಾ ಪರೀಕ್ಷೆ ಮಾಡಿಸ್ಕೋ ಅಂದ್ರೆ ಐದು ವರ್ಷದಿಂದ ನಾಳೆ ನಾಳೆ ಅಂತಿದೀಯ. ಮೊದಲು ನಿನ್ನ ಕೊನೇ ಚೇಂಬರ್ ತೋರಿಸ್ಕೊಂಡು ಬಾ, ಆಮೇಲೆ ಕೆಲಸ" ಎಂದ ಮೇಸ್ತ್ರಿ.

ತಮ್ಮ ಮಾರನೆಯ ದಿನವೇ ಪರೀಕ್ಷೆಗೆ ಹೋದ.

ಇದನ್ನು ಓದುತ್ತಿರುವ ನೀವೂ ನಾಚಿಕೆ ಬಿಡಿ. ಮಲದಲ್ಲಿ ರಕ್ತ ಕಂಡರೆ, ಮಲ ಹೋಗುವ ರೀತಿ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ಡಾಕ್ಟರಿಗೆ ತೋರಿಸಿ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ ವಾಂತಿಯಾದರೆ ಭೇದಿ ಮಾತ್ರೆ ಮುಟ್ಟಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಿ. ಆಪರೇಷನ್ ಆಗಿದ್ದರೆ ಮುಂದಿನ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ಕೊನೆಯವರೆಗೂ ನೋಡಿಸಿಕೊಳ್ಳಿ.