ಜಾರ್ಜಿಯಾದ ಎರಡನೇ ಚೀಟಿ

"ಜಾರ್ಜಿಯಾ ರಾಜ್ಯ ಇವತ್ತಿಗೂ ಸಮುದ್ರಕ್ಕೆ ಜಾರಿ ಬೀಳ್ದೆ ನಿಂತಿದೆ ಅಂದ್ರೆ ಅದಕ್ಕೆ ನಾನೇ ಕಾರಣ ಮೇಡಂ. ಪೂರ್ವದ ಅಂಚು ಪೂರಾ ಸಡಿಲ ಆಗಿತ್ತು. ನಾನು ಹೋಗಿ ಒಂದೇ ಕೈಯಲ್ಲಿ ವೆಲ್ಡಿಂಗ್ ಮಾಡಿ ಕೂರಿಸಿ ಬಂದೆ."

ಮಿಸೆಸ್ ಓಡಮ್ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಹುಟ್ಟಿದ ತಾರೀಕು ಹೇಳು ಡೆಲ್ಬರ್ಟ್," ಎಂದರು.

ನಮ್ಮೂರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಮಾರ್ಚ್ ತಿಂಗಳಿಡೀ ನಿವೃತ್ತರು ಕೂತು ಬಡವರ ತೆರಿಗೆ ಫಾರ್ಮುಗಳನ್ನು ಪುಕ್ಕಟೆಯಾಗಿ ತುಂಬಿಕೊಡುತ್ತಾರೆ. ಪುಕ್ಕಟೆ ಎಂದ ಮೇಲೆ ಕೇಳಬೇಕೆ? ನನ್ನಜ್ಜ ಹುಟ್ಟುವ ಮುಂಚೆ ಕಾಯಿಸಿಟ್ಟ ಕಾಫಿ. ನನಗಿಂತ ಮುಂಚೆ ಒಂಬತ್ತು ಸಾವಿರ ಜನ ಬೆವರಿ ಎದ್ದುಹೋದ ಪ್ಲಾಸ್ಟಿಕ್ ಕುರ್ಚಿ. ಪಕ್ಕದ ಮೇಜಿನವನು ಬೆರಳಿಗೆ ಎಂಜಲು ಹಚ್ಚಿಕೊಂಡು ಪ್ರತಿ ಕಾಗದವನ್ನೂ ತಿರುವುತ್ತಿದ್ದ. ಆ ಎಂಜಲು ನಾಳೆ ಸರ್ಕಾರದ ಖಜಾನೆ ಸೇರುತ್ತದೆ. ಇವೆಲ್ಲಕ್ಕಿಂತ ಹೇಸಿಗೆಯೆಂದರೆ ನನ್ನ ಪಾಲಿಗೆ ಮಿಸೆಸ್ ಓಡಮ್ ಬಂದದ್ದು. ನಾಲ್ಕನೇ ತರಗತಿಯಲ್ಲಿ ನನಗೆ ಭಿನ್ನರಾಶಿ ಕಲಿಸಲು ಹೋಗಿ ಸೋತವರು ಅವರು. ಸೋತವರು ಮರೆಯುವುದಿಲ್ಲ.

ನನ್ನ ಹೆಂಡತಿ ಟ್ವೈಲಾ ಪಕ್ಕದಲ್ಲಿ ಬೂಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಚರ್ಚಿಗೆ ಹೋಗುವ ಭಾನುವಾರದ ಬಟ್ಟೆ ತೊಟ್ಟಿದ್ದಳು. ತೆರಿಗೆಗೆ ಸಂಬಂಧಿಸಿದ ಲಕೋಟೆಗಳನ್ನು ಮನೆಯಲ್ಲಿ ಒಡೆಯಬಾರದು, ಬಂದದ್ದು ಬಂದಂತೆ ಡಬ್ಬಿಗೆ ಹಾಕಿ ಫಾರ್ಮು ತುಂಬುವವರ ಮುಂದೆಯೇ ಒಡೆಯಬೇಕು ಎಂಬುದು ಅವಳ ತಾಯಿಯ ಕಾಲದಿಂದ ಬಂದ ಕಟ್ಟಳೆ. ಜನವರಿಯಿಡೀ ಟಪಾಲು ಪೆಟ್ಟಿಗೆಯ ಬಳಿ ನಾನು ಪಹರೆ ನಿಂತದ್ದು ಅದಕ್ಕಾಗಿಯೇ. ಇಡೀ ಅಮೆರಿಕದ ಸೈನ್ಯವೂ ಯಾವ ಗಡಿಯನ್ನೂ ಹಾಗೆ ಕಾದಿಲ್ಲ.

ಟ್ವೈಲಾ ಹನ್ನೊಂದು ವರ್ಷ ನಮ್ಮ ಆರ್ಕನ್ಸಾದ ಕೋಳಿ ಕಾರ್ಖಾನೆಯಲ್ಲಿ ಕರುಳು ತೆಗೆಯುವ ಸಾಲಿನಲ್ಲಿ ನಿಂತವಳು. ಮನೆಗೆ ಬಂದರೆ ಕೂದಲಲ್ಲಿ, ಉಗುರಲ್ಲಿ, ದಿಂಬಿನಲ್ಲಿ ಅದೇ ನಾತ. ಬಲಗೈ ಮಣಿಕಟ್ಟು ಮರಗಟ್ಟಿ, ಲೋಟ ಹಿಡಿದರೆ ಜಾರುತ್ತಿತ್ತು. "ಬಿಟ್ಟುಬಿಡು ಚಿನ್ನ, ನಾನಿದ್ದೀನಿ," ಎಂದು ನಾನು ಎದೆ ತಟ್ಟಿ, ಹೋದ ಮಾರ್ಚಿನಲ್ಲಿ ಜಾರ್ಜಿಯಾಕ್ಕೆ ವೆಲ್ಡರ್ ಆಗಿ ಹೊರಟೆ. ಅವಳು ಅದೇ ವಾರ ಕೆಲಸ ಬಿಟ್ಟಳು. ಆಮೇಲೆ ಕಳಿಸಿದ ಹಣ ಕಡಿಮೆಯಾದಾಗ, "ಹೊರರಾಜ್ಯದವನು ಅಂತ ಜಾರ್ಜಿಯಾದವ್ರು ಅರ್ಧ ಸಂಬಳ ತೆರಿಗೆಗೆ ಮುರ್ಕೋತಾರೆ, ವರ್ಷದ ಕೊನೆಗೆ ಎಲ್ಲಾ ವಾಪಸ್ಸು," ಎಂದಿದ್ದೆ. ಕ್ರಿಸ್‌ಮಸ್ಸಿಗೆ ನಾನು ಅಲ್ಲಿಯ ಕೆಲಸ ಮುಗಿಸಿ ಮರಳಿದ ಮೇಲೂ ಆ ವಾಪಸ್ಸಿಗಾಗಿ ಅವಳು ಕಾಯುತ್ತಿದ್ದಳು. ಮೊನ್ನೆ ಕಾರ್ಖಾನೆಯ ಮೇಸ್ತ್ರಿ ಫೋನ್ ಮಾಡಿ, ಸೋಮವಾರದಿಂದ ಬರುವುದಾದರೆ ಹಳೆಯ ಜಾಗವೇ ಇದೆ, ಇಲ್ಲವಾದರೆ ಬೇರೆಯವರಿಗೆ ಎಂದಿದ್ದ. "ಬುಧವಾರ ತೆರಿಗೆ ಮಾಡಿಸ್ಕೊಂಡು ಹೇಳ್ತೀನಿ," ಎಂದಿದ್ದಳು ಟ್ವೈಲಾ.

ಇವತ್ತು ಬುಧವಾರ.

"ಹೋದ ವರ್ಷ ಯಾವ ರಾಜ್ಯದಲ್ಲಿ ವಾಸ?" ಮಿಸೆಸ್ ಓಡಮ್ ಕೇಳಿದರು.

"ಒಂದು ಕಾಲು ಇಲ್ಲಿ, ಒಂದು ಕಾಲು ಜಾರ್ಜಿಯಾದಲ್ಲಿ ಮೇಡಂ. ನಡುವೆ ಮಿಸಿಸಿಪ್ಪಿ, ಅಲಬಾಮಾ ಎರಡರ ಮೇಲೂ ನನ್ನ ಹೊಟ್ಟೆ."

"ಹೆಂಡ್ತಿ ಎಲ್ಲಿದ್ಲು?"

"ಇಲ್ಲೇ."

"ಮನೆ ಸಾಮಾನು?"

"ಇಲ್ಲೇ. ಅಲ್ಲಿ ಬಾಡಿಗೆ ಟ್ರೈಲರು, ಗಾಲಿ ಮೇಲಿನ ತಗಡು ಮನೆ. ನೆಲ ಎಷ್ಟು ಕೊಳೆತಿತ್ತು ಅಂದ್ರೆ ಜಿರಲೆಗಳೂ ಚಪ್ಪಲಿ ಹಾಕ್ಕೊಂಡು ಓಡಾಡ್ತಿದ್ವು."

"ಹಂಗಾದ್ರೆ ವರ್ಷಪೂರ್ತಿ ನೀನು ಆರ್ಕನ್ಸಾದವನೇ ಕಣಪ್ಪ. ಅಲ್ಲಿ ದುಡಿದಿದ್ದಕ್ಕೆ ಜಾರ್ಜಿಯಾ ತೆರಿಗೆ ಕೇಳತ್ತೆ. ಎಲ್ಲಾ ಸೇರಿಸಿ ಆರ್ಕನ್ಸಾನೂ ಕೇಳತ್ತೆ, ಅಲ್ಲಿ ಕಟ್ಟಿದ್ದನ್ನ ಇಲ್ಲಿ ಕಳೀತಾರೆ. ಅದಕ್ಕೇ ಅಲ್ಲಿ ಕೆಲಸ ಕೊಟ್ಟ ಪ್ರತಿಯೊಬ್ಬರೂ ವರ್ಷದ ಕೊನೆಗೆ ಕಳಿಸೋ ಸಂಬಳದ ಚೀಟಿ ಬೇಕು."

ಒಂದು ಹೆಣಕ್ಕೆ ಎರಡು ರಣಹದ್ದು. ಥೂ ಎಂದುಕೊಂಡು ನಾನು ತಂದಿದ್ದ ಚೀಟಿಯನ್ನು ಕೊಟ್ಟೆ. ಕಟ್ಟಡದ ಗುತ್ತಿಗೆದಾರನದು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು.

"ಇದು ಮೂರು ವಾರದ ಸಂಬಳ ಅಷ್ಟೇ."

"ಗುಮಾಸ್ತನ ತಪ್ಪು. ಅಲ್ಲಿ ಎಲ್ಲಾ ದಡ್ಡರು, ಸೊನ್ನೆ ಬಿಟ್ಟಿರ್ತಾರೆ."

"ನನ್ನ ಹತ್ರ ಇನ್ನೊಂದಿದೆ," ಎಂದಳು ಟ್ವೈಲಾ. ಡಬ್ಬಿಯ ಮುಚ್ಚಳ ತೆಗೆದಳು. "ಹೋದ ತಿಂಗಳು ಬಂತು, ನೀನು ಟೈರು ಬದಲಾಯಿಸೋಕೆ ಹೋದ ದಿನ. ನಿನ್ನ ಟ್ರೈಲರಿನ ಯಜಮಾನ ವಿಳಾಸ ತಿದ್ದಿ ಕಳಿಸಿದಾನೆ. ಪಾಪ, ಒಳ್ಳೆಯವನು."

ಆ ಒಳ್ಳೆಯವನ ವಂಶ ನಿರ್ವಂಶವಾಗಲಿ ಎಂದು ನಾನು ಮನಸ್ಸಿನಲ್ಲೇ ಹರಸಿದೆ. ಕೈ ಚಾಚಿದೆ. ಅಷ್ಟರಲ್ಲಿ ಮಿಸೆಸ್ ಓಡಮ್ ಕತ್ತರಿಯಿಂದ ಅಂಚು ಕತ್ತರಿಸಿಯಾಗಿತ್ತು.

ಅವರು ಓದಿದರು. ಒಮ್ಮೆ ನನ್ನನ್ನು ನೋಡಿದರು. ನಾಲ್ಕನೇ ತರಗತಿಯ ನೋಟವಲ್ಲ, ಬೇರೆ. ಕಾಗದವನ್ನು ಟ್ವೈಲಾ ಕಡೆ ತಿರುಗಿಸಿಟ್ಟರು. ಗಂಡಹೆಂಡಿರ ಜಂಟಿ ಫಾರ್ಮು ಆದ್ದರಿಂದ ಅವಳೂ ಸಹಿ ಹಾಕುವವಳಲ್ಲವೇ?

ಟ್ವೈಲಾ ಬೆರಳಿಟ್ಟು ಓದಿದಳು. ಜಾರ್ಜಿಯಾದ ಒಂದು ಕೋಳಿ ಕಾರ್ಖಾನೆಯ ಹೆಸರು. ಎಂಟು ತಿಂಗಳ ಸಂಬಳ. ರಾಜ್ಯದ ತೆರಿಗೆಗೆ ಮುರಿದದ್ದು ನೂರಕ್ಕೆ ಐದರಷ್ಟೂ ಇಲ್ಲ.

"ವಾಪಸ್ಸು ಎಷ್ಟು ಬರತ್ತೆ ಮೇಡಂ?" ಎಂದಳು, ಕಾಗದದಿಂದ ಕಣ್ಣು ತೆಗೆಯದೆ.

"ರಾಜ್ಯದ್ದು ಏನೂ ಬರಲ್ಲಮ್ಮ. ಆರ್ಕನ್ಸಾಕ್ಕೆ ಒಂದಿಷ್ಟು ಕಟ್ಟಬೇಕಾಗಬಹುದು."

ಟ್ವೈಲಾ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕ್ರಿಸ್‌ಮಸ್ಸಿಗೆ ಬಂದಾಗ್ಲೇ ನಿನ್ನ ಮೈ ನಾತ ಹೊಡೀತಿತ್ತು."

"ಜಾರ್ಜಿಯಾದ ನೀರೇ ಹಂಗೆ ಅಂತ ಆವತ್ತೇ..."

"ಹನ್ನೊಂದು ವರ್ಷ ಕಣೋ! ನಂಗೆ ಗೊತ್ತಾಗಲ್ವಾ ಅದು ಯಾವ ನಾತ ಅಂತ? ಯಾವಳೋ ಕೋಳಿ ಕಾರ್ಖಾನೆಯವಳನ್ನ ಇಟ್ಕೊಂಡಿದಾನೆ ಅಂದ್ಕೊಂಡಿದ್ದೆ. ಮೂರು ತಿಂಗಳಿಂದ ಅವಳ ಮುಖ ಹೆಂಗಿರಬಹುದು ಅಂತ ಯೋಚ್ನೆ ಮಾಡ್ತಾ ಮಲಗ್ತಿದ್ದೆ. ಅದಾದ್ರೂ ಅರ್ಥ ಆಗ್ತಿತ್ತು ಡೆಲ್. ಇದೇನಿದು?"

ಪಕ್ಕದ ಮೇಜಿನವನ ಎಂಜಲು ಬೆರಳು ಅರ್ಧದಲ್ಲೇ ನಿಂತಿತು. ಒಬ್ಬಳಲ್ಲ, ಏಳು ಜನ ಹೆಂಗಸರಿದ್ದರು ಎಂದುಬಿಡಲೇ ಎಂದು ನನ್ನ ನಾಲಿಗೆ ಒಂದು ಗಳಿಗೆ ತುಡಿಯಿತು, ಸುಳ್ಳಲ್ಲ. ಮಿಸೆಸ್ ಓಡಮ್ ಮೆಲ್ಲಗೆ ಕೆಮ್ಮಿದರು.

"ಸಹಿ ಪಕ್ಕದಲ್ಲಿ ಇಬ್ಬರ ಉದ್ಯೋಗನೂ ಬರೀಬೇಕು. ಟ್ವೈಲಾ, ನಿಂದು ಗೃಹಿಣಿ ಅಂತ ಹಾಕ್ಲಾ?"

"ಕೋಳಿ ಕಾರ್ಖಾನೆ ಅಂತ ಹಾಕಿ ಮೇಡಂ. ಸೋಮವಾರದಿಂದ." ಅವಳು ಬಲಗೈಯನ್ನು ಎಡಗೈಯಿಂದ ಮುಚ್ಚಿಕೊಂಡಳು.

"ಡೆಲ್ಬರ್ಟ್?"

ನನಗೆ ನನ್ನ ಬಾಯಿಯ ವಾಸನೆಯೇ ಅಸಹ್ಯವಾಯಿತು.

"ವೆಲ್ಡಿಂಗ್ ಪರೀಕ್ಷೆ ಅಂತ ಮಾಡಿದ್ರು ಮೇಡಂ," ಎಂದೆ. "ಕೊಳವೆ ಕೂಡಿಸಿ ತೋರಿಸ್ಬೇಕು. ಮೂರು ಸಲ ತೋರಿಸ್ದೆ. ಮೂರು ಸಲನೂ ಸೋರಿತು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಬಂದು ಬಿಚ್ಚಿ ಸರಿಮಾಡಿದ್ಲು. ಮೂರನೇ ಶುಕ್ರವಾರ ಕಳಿಸ್ಬಿಟ್ರು. ಮನೆಗೆ ಬರೋಕೆ ಮುಖ ಇರ್ಲಿಲ್ಲ. ಇವಳು ಆಗ್ಲೇ ಕೆಲಸ ಬಿಟ್ಟಿದ್ಲು. ಕೋಳಿ ಕಾರ್ಖಾನೆಗೆ ಸೇರ್ಕೊಂಡೆ. ಕೋಳಿ ಗಾಬರಿ ಬೀಳ್ಬಾರ್ದು ಅಂತ ನೀಲಿ ದೀಪ ಹಾಕಿದ ಕೋಣೆ, ಜೀವಂತ ಕೋಳಿನ ಕಾಲು ಹಿಡಿದು ಕೊಂಡಿಗೆ ಸಿಕ್ಕಿಸೋದು. ನಿಮಿಷಕ್ಕೆ ಇಪ್ಪತ್ತು. ಅವು ಮುಖದ ಮೇಲೇ ಹೇಲ್ತವೆ. ಬಾಯಿ ಮುಚ್ಕೊಂಡೇ ಇರ್ಬೇಕು." ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದೆ: "ಅದನ್ನೇ ಬರೀರಿ. ಕೋಳಿ ನೇತುಹಾಕೋನು. ಇವಳದ್ದು ಗೃಹಿಣಿ ಅಂತಾನೇ ಇರ್ಲಿ. ಮೇಸ್ತ್ರಿಗೆ ನಾನೇ ಫೋನ್ ಮಾಡ್ತೀನಿ, ಸೋಮವಾರ ಇವಳ ಬದಲು ನಾನು ಹೋಗ್ತೀನಿ."

ಮಿಸೆಸ್ ಓಡಮ್ ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟುಕೊಂಡು ಟ್ವೈಲಾಳ ಮುಖ ನೋಡುತ್ತ ಕಾದರು.

ಟ್ವೈಲಾ ಅವರಿಗೆ ಹೂಂ ಎಂದು ತಲೆಯಾಡಿಸಿ, ತನ್ನ ಕುರ್ಚಿಯನ್ನು ನನ್ನಿಂದ ಒಂದು ಗೇಣು ಆಚೆಗೆ ಸರಿಸಿಕೊಂಡಳು. ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿಕೊಂಡು, ಎಡಗೈಯಲ್ಲಿ ಅದರ ಮುಚ್ಚಳ ತೆಗೆದು, ನನ್ನ ಮುಂದಿಟ್ಟಳು.