ಬೋರವ್ವನ ಕರಿ ಕೂದಲು

ಇನ್ನೊಂದು ತೂತು ಉಳಿದಿದ್ದರೆ? ಸೂಜಿಮೊನೆಯಷ್ಟು ಬೆಳಕು ನುಸುಳಿದರೂ ಸಾಕು, ಚಿತ್ರ ಹಾಳು. ಚಿತ್ರ ಹಿಡಿಯುವ ಹಾಳೆ ಉಳಿದಿರುವುದು ಒಂದೇ. ಇನ್ನೊಂದು ದಿನ ತೆಗೆದರಾಯಿತು ಎನ್ನುವಂತೆಯೂ ಇರಲಿಲ್ಲ. ನಾಳೆ ಬೋರವ್ವನ ಕೈಮಗ್ಗ ಕಳಚಿ, ಆ ಜಾಗದಲ್ಲಿ ಪಾವರ್‌ಲೂಮ್ ಕೂಡಿಸುವವರಿದ್ದರು.

ರಘುವೀರ ಮತ್ತೊಮ್ಮೆ ಕ್ಯಾಮೆರಾ ತಡವಿ ನೋಡಿದ. ಜಮಖಂಡಿಯಲ್ಲಿ ಮುಚ್ಚಿಹೋದ ಸ್ಟುಡಿಯೋದ ಅಟ್ಟದಿಂದ ತಂದ ತೇಗದ ದೊಡ್ಡ ಪೆಟ್ಟಿಗೆ ಅದು. ಹಿತ್ತಾಳೆ ತಿರುಪು, ಮಸೂರ ಎಲ್ಲವನ್ನೂ ತಾನೇ ತಿಕ್ಕಿ ಸರಿಮಾಡಿದ್ದ. ಮಸೂರಕ್ಕೂ ಹಿಂದಿನ ಗಾಜಿಗೂ ನಡುವೆ ಇರುವ, ಹಾರ್ಮೋನಿಯಂ ತಿದಿಯಂಥ ಮಡಿಕೆ ಚೀಲವನ್ನು ಮಾತ್ರ ಇಲಿ ತಿಂದಿತ್ತು. ಅದಕ್ಕೆ ಬನಹಟ್ಟಿಯ ಗೆಳೆಯ, ಬೋರವ್ವನ ಮಗ ವೀರಣ್ಣ, ಬಟ್ಟೆ ನೇಯ್ದು ಕೊಟ್ಟಿದ್ದ. ರೂಢಿಯಂತೆ ಗಟ್ಟಿ ಗಂಜಿಯನ್ನೂ ಹಾಕಿದ್ದ! ಮಡಿಸಿದಲ್ಲೆಲ್ಲ ಗಂಜಿ ಬಿರಿದು, ಮೇಲೆ ಬಳಿದ ಕರಿ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಉದುರಿ, ಬೆಳಗಿನ ಚಿತ್ರ ಕೆಟ್ಟಿತ್ತು.

"ಗಂಜಿ ಇಲ್ಲದ್ದು ಒಂದು ಬಟ್ಟಿ ಏನಲೇ ರಘ್ಯಾ?" ಎಂದು ವೀರಣ್ಣ ನಕ್ಕಿದ್ದ. ಆಮೇಲೆ ಇಬ್ಬರೂ ಕೂಡಿ ಅದನ್ನು ತೊಳೆದು, ಒಣಗಿಸಿ, ಬಣ್ಣ ಬಳಿದು ಅಂಟಿಸಿದ್ದರು.

ಈಗ ವೀರಣ್ಣ ಬಾಗಿಲಲ್ಲಿ ನಿಂತು ಕೂಗಿದ: "ಮಗ್ಗಾ ಬಂದ್ ಮಾಡ್ರಿ! ನೆಲಾ ನಡಗತೈತಿ!"

"ಓಣಿನ ಬಂದ್ ಮಾಡ್ಸಾಕತ್ತೀಯಲ್ಲೋ, ಮಂತ್ರಿ ಬಂದಾನೇನ?" ಎಂದ ಎದುರುಮನೆಯ ಚನಮಲ್ಲಪ್ಪ. ಆದರೂ ಮಗ್ಗ ನಿಲ್ಲಿಸಿದ. ಒಂದೊಂದಾಗಿ ಎಲ್ಲ ಮಗ್ಗಗಳೂ ನಿಂತವು.

ರಘುವೀರ ಕರಿ ಮುಸುಕಿನೊಳಗೆ ತಲೆ ಹಾಕಿದ. ಗಾಜಿನ ಮೇಲೆ ಬೋರವ್ವ ತಲೆಕೆಳಗಾಗಿ, ಮಗ್ಗದ ಸಮೇತ ತೂಗುತ್ತಿದ್ದಳು. ನೂಲಿನ ಎಳೆ ಎಳೆಯೂ ಕಾಣುತ್ತಿತ್ತು. ಅವನು ಹೊರಬಂದು ಮಸೂರಕ್ಕೆ ಮುಚ್ಚಳ ಹಾಕಿ, ಹಾಳೆಯ ಚೌಕಟ್ಟು ಸಿಕ್ಕಿಸಿದ.

"ಆಯಿ, ನಾ ಕೈ ಇಳಸೂತನಕ ಅಳ್ಳಾಡಬ್ಯಾಡ್ರಿ."

ಒಂದು ಕೈ ಎತ್ತಿ, ಇನ್ನೊಂದು ಕೈಯಿಂದ ಮಸೂರದ ಮುಚ್ಚಳ ತೆಗೆದ. ಮನಸ್ಸಿನಲ್ಲೇ ಎಣಿಸಿ ಮುಚ್ಚಿದ. ಎತ್ತಿದ ಕೈ ಮಾತ್ರ ಇಳಿಯಲಿಲ್ಲ. ಹಗಲಿಡೀ ಖಟಖಟ ಎನ್ನುವ ಓಣಿಯಲ್ಲಿ ಗುಬ್ಬಿಯ ರೆಕ್ಕೆಯ ಸದ್ದು ಕೇಳುತ್ತಿತ್ತು. ಬೋರವ್ವನ ಹೆಬ್ಬೆರಳು ಮೆಲ್ಲಗೆ, ಮಗುವಿನ ಕೆನ್ನೆ ಸವರಿದಂತೆ, ನೂಲನ್ನು ಸವರಿತು.

ಆಮೇಲೆ ಅವನು ಕೈ ಇಳಿಸಿದ. ಮಗ್ಗಗಳು ಮತ್ತೆ ಗದ್ದಲ ಎಬ್ಬಿಸಿದವು.

ಬಚ್ಚಲಲ್ಲಿ ಕೆಂಪು ಬಲ್ಬಿನ ಕೆಳಗೆ, ಅಗಲ ತಟ್ಟೆಯ ರಾಸಾಯನಿಕ ನೀರಿನಲ್ಲಿ ಬಿಳಿ ಹಾಳೆ ತೇಲುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಒಂದು ಗೆರೆ, ಒಂದು ಕಿವಿ.

"ಯವ್ವಾ ಮೂಡಾಕತ್ತಾಳ! ಬಂದ್ಲಲೇ!" ವೀರಣ್ಣ ಕುಣಿದಾಡಿದ ಹೊಡೆತಕ್ಕೆ ತಂಬಿಗೆ ಉರುಳಿತು.

ತೊಳೆದ ಹಾಳೆಯನ್ನು ಅಂಗಳಕ್ಕೆ ತಂದಾಗ ಬೋರವ್ವ ಕಣ್ಣರಳಿಸಿದಳು. "ಅಯ್ಯ, ಕೂದಲ ಕರ್ರಗ ಆಗ್ಯಾವಲ್ಲೋ! ಮತ್ತೊಮ್ಮಿ ಮದಿವಿ ಮಾಡ್ತೀರೇನ?"

"ಇದು ಉಲ್ಟಾ ಅದ ರೀ ಆಯಿ, ನೆಗೆಟಿವ್. ಇದರಿಂದ ಇನ್ನೊಂದು ತಗದ್ರ ಬೆಳ್ಳಗ ಆಗ್ತಾವ."

"ಬ್ಯಾಡೋ ತಮ್ಮಾ, ನನಗ ಇದ ಇರಲಿ." ನಕ್ಕವಳು ಒಮ್ಮೆಲೇ ದನಿ ತಗ್ಗಿಸಿದಳು. "ಕಡೀಕ ನನ್ನ ಹೆಬ್ಬಟ್ಟ ಅಳ್ಳಾಡಿತ್ತು. ಕೆಡಲಿಲ್ಲೇನ?"

"ಇಲ್ರಿ ಆಯಿ, ಭಾಳ ಛಲೋ ಬಂದದ."

ಬೆರಳು ಅಲುಗುವ ಮೊದಲೇ ಚಿತ್ರ ಮುಗಿದಿತ್ತು, ಆಮೇಲೆ ಕೈ ಎತ್ತಿ ಹಿಡಿದದ್ದು ಆ ಮೌನಕ್ಕಾಗಿ ಎಂದು ರಘುವೀರ ಎಂದೂ ಯಾರಿಗೂ ಹೇಳಲಿಲ್ಲ.